ಕಪ್ಪು ಫಲಕಕ್ಕೆ ಒಪ್ಪದ ಫೋರ್ಕ್

"ಈ ಫೋರ್ಕ್ ಈ ಗಾಡೀದಲ್ಲ," ಎಂದ ಆರ್ವಿ.

ಟೋರ್ಸ್ತಿ ತಲೆ ಎತ್ತಲಿಲ್ಲ. ಜಾವಾ ಮೋಟಾರ್‌ಸೈಕಲ್ಲಿನ ಪಕ್ಕ ಮೊಣಕಾಲೂರಿ ಕೂತು ಎಂಜಿನ್ ನಂಬರಿನ ಮೇಲೆ ಟಾರ್ಚ್ ಬಿಡುತ್ತಿದ್ದ. "ನಡೆಯುತ್ತೆ ಬಿಡು."

"ಏನು ನಡೆಯುತ್ತೆ? ಗಾಡಿ ಎಪ್ಪತ್ಮೂರರದ್ದು. ಫೋರ್ಕ್ ಎಪ್ಪತ್ತೆಂಟರದ್ದು."

"ಬಣ್ಣ ಹೊಡೆದಿದ್ದೀಯ. ನೋಡಿದ್ರೆ ಯಾರಿಗೆ ಗೊತ್ತಾಗುತ್ತೆ ಮಾರಾಯ?"

"ನಿನಗೆ ಗೊತ್ತಾಗುತ್ತೆ. ನನಗೆ ಗೊತ್ತು."

"ನನ್ನ ಕಣ್ಣು ಮೊದಲಿನ ಹಾಗಿಲ್ಲ ಅಂತ ತಿಳ್ಕೋ. ಸಹಿ ಹಾಕ್ತೀನಿ, ಹೋಗ್ತೀನಿ."

ಕೊಟ್ಟಿಗೆಯ ಬಾಗಿಲಿಗೆ ಒರಗಿ ನಿಂತಿದ್ದ ಐಲಾಗೆ ಈ ಮಾತು ವಿಚಿತ್ರವೆನಿಸಿತು. ಆಕೆ ಜಿಲ್ಲಾ ಪೊಲೀಸ್ ಇಲಾಖೆಯ ತನಿಖಾಧಿಕಾರಿ. ಆದರೆ ಹಳೇ ಗಾಡಿಗಳ ಕ್ಲಬ್ಬಿನ ಟೋರ್ಸ್ತಿಯ ಖ್ಯಾತಿ ಪೊಲೀಸ್ ಠಾಣೆಯವರೆಗೂ ಬಂದಿತ್ತು. ಕೊರ್ಪಿವಾರಾ ಊರಿನ ಸುತ್ತಲಿನ ಯಾವ ಹಳೇ ಗಾಡಿಗೂ ಕಪ್ಪು ಫಲಕ ಸಿಗಬೇಕಾದರೆ ಅವನು ಬಂದು ನೋಡಿ, ಸಹಿ ಹಾಕಬೇಕು. ಗಾಡಿಗೆ ಮೂವತ್ತು ವರ್ಷ ದಾಟಿರಬೇಕು. ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತೋ ಹಾಗೇ ಇರಬೇಕು. ಆಮೇಲೂ ವರ್ಷದಲ್ಲಿ ಕೆಲವೇ ದಿನ ಓಡಿಸಲು ಅನುಮತಿ. ಹೋದ ವರ್ಷ ಪೆಟ್ರೋಲ್ ಕೊಳವೆ ಪ್ಲಾಸ್ಟಿಕ್ಕಿನದು ಎಂಬ ಒಂದೇ ಕಾರಣಕ್ಕೆ ಟೋರ್ಸ್ತಿ ಪಾದ್ರಿಯ ಮೊಪೆಡ್ಡನ್ನು ತಿರಸ್ಕರಿಸಿದ್ದ. ಪಾದ್ರಿ ಮುಂದಿನ ಭಾನುವಾರದ ಪ್ರವಚನದಲ್ಲಿ ಕ್ಷಮೆಯ ಬಗ್ಗೆ ಉದ್ದಕ್ಕೆ ಮಾತಾಡಿದರೂ ಟೋರ್ಸ್ತಿ ಕರಗಿರಲಿಲ್ಲ.

ಅಂಥವನು ಇವತ್ತು ಮುಂದಿನ ಚಕ್ರ ಹಿಡಿಯುವ ಇಡೀ ಫೋರ್ಕನ್ನೇ ನುಂಗಿಕೊಳ್ಳಲು ಸಿದ್ಧನಿದ್ದ.

ಐಲಾ ಬಂದಿದ್ದು ಗಾಡಿ ನೋಡಲಿಕ್ಕಲ್ಲ. ಆರ್ವಿಯ ಎದುರು ಮನೆಯ ಹಿಲ್ಯಾ ಫೋನ್ ಮಾಡಿದ್ದಳು. "ಶನಿವಾರ ಆರ್ವಿಯ ಗಾಡಿಗೆ ಕಪ್ಪು ಫಲಕದ ತಪಾಸಣೆ. ನೀನೂ ಬಾ. ಏಲಕ್ಕಿ ಬನ್ ಮಾಡಿರ್ತೀನಿ." ಅಷ್ಟೇ. ಹಿಲ್ಯಾಗೆ ಎಂಬತ್ತನಾಲ್ಕು. ಅವಳ ಮಗಳು ಮಿರ್ಯಾ ಮೂವತ್ತೆಂಟು ವರ್ಷದ ಹಿಂದೆ, ಹತ್ತೊಂಬತ್ತರ ಪ್ರಾಯದಲ್ಲಿ, ಮಧ್ಯಬೇಸಿಗೆ ಹಬ್ಬದ ಮರುದಿನ ಬೆಳಗ್ಗೆ, ಸರೋವರದ ದಾರಿಯ ಚರಂಡಿಯಲ್ಲಿ ಸತ್ತು ಬಿದ್ದಿದ್ದಳು. ಯಾವುದೋ ಕಾರು ಹೊಡೆದು ಹೋಗಿದೆ ಎಂದು ಅಂದಿನ ಪೊಲೀಸರು ಬರೆದಿದ್ದರು. ಆ ಕಾರನ್ನು ಹುಡುಕುತ್ತ ಐಲಾ ಹೋದ ಚಳಿಗಾಲವನ್ನೆಲ್ಲ ಕಳೆದು ಸೋತಿದ್ದಳು. ಕಾನೂನಿನ ಗಡುವು ಎಂದೋ ಮುಗಿದಿತ್ತು. ಯಾರನ್ನೂ ಜೈಲಿಗೆ ಹಾಕುವಂತಿರಲಿಲ್ಲ. ಮಗಳನ್ನು ರಸ್ತೆಯಲ್ಲಿ ಬಿಟ್ಟು ಹೋದವರು ಯಾರೆಂದು ಸಾಯುವುದರೊಳಗೆ ಗೊತ್ತಾದರೆ ಸಾಕು ಎಂದು ಹಿಲ್ಯಾ ಕೇಳಿದ್ದಳು.

ಆರ್ವಿ ಮಿರ್ಯಾಳನ್ನು ಮದುವೆಯಾಗಬೇಕಿದ್ದವನು. ಉಂಗುರವೂ ಬದಲಾಗಿತ್ತು. ಆಮೇಲೆ ಅವನು ಯಾರನ್ನೂ ಮದುವೆಯಾಗಲಿಲ್ಲ. ಸಾಮಿಲ್ಲಿನಲ್ಲಿ ದುಡಿದು ನಿವೃತ್ತನಾದ. ಹಿಲ್ಯಾಗೆ ಸೌದೆ ಒಡೆದುಕೊಟ್ಟ, ಹಿಮ ಗುಡಿಸಿಕೊಟ್ಟ, ಮೀನು ತಂದುಕೊಟ್ಟ, ಅಮ್ಮ ಎಂದ.

"ಅಸಲಿ ಫೋರ್ಕ್ ಇದೆ," ಎಂದ ಆರ್ವಿ.

ಈಗ ಟೋರ್ಸ್ತಿ ತಲೆ ಎತ್ತಿದ. "ಏನು?"

"ಇದೆ ಅಂದೆ. ಮೇಲೆ."

"ಬೇಡ. ಆ ಏಣಿ ಗಟ್ಟಿಯಿಲ್ಲ. ಬಿದ್ದು ಸೊಂಟ ಮುರ್ಕೋತೀಯ."

"ದಿನಾ ಹತ್ತೋ ಏಣಿ."

ಆರ್ವಿ ಹತ್ತಿದ. ತೊಲೆಯ ಮೇಲೆ, ಹುಲ್ಲಿನ ಹಿಂದಿನಿಂದ, ಎಣ್ಣೆಬಟ್ಟೆ ಸುತ್ತಿದ ಉದ್ದನೆಯ ಗಂಟೊಂದನ್ನು ಹೆಗಲಿಗೇರಿಸಿಕೊಂಡು ಇಳಿದ. ಮಗುವನ್ನು ಮಲಗಿಸುವಂತೆ ಬೆಂಚಿನ ಮೇಲಿಟ್ಟ. ಹುರಿ ಬಿಚ್ಚಿದ.

ಕಡುಗೆಂಪು ಬಣ್ಣದ ಜೋಡಿ ಕೊಳವೆಗಳು. ಎರಡೂ ಒಂದೇ ಕಡೆಗೆ, ಹಿಂದಕ್ಕೆ, ಮಂಡಿ ಮಡಚಿದ ಹಾಗೆ ಬಾಗಿದ್ದವು.

ಟೋರ್ಸ್ತಿ ಟಾರ್ಚ್ ಆರಿಸಿದ.

"ನೇರ ಮಾಡಿಸಬಹುದು," ಎಂದ ಆರ್ವಿ. ದನಿಯಲ್ಲಿ ಗಾಡಿ ಹುಚ್ಚಿನವರ ಆಸೆ ಇತ್ತು. "ಯಾರಾದ್ರೂ ಒಳ್ಳೇ ಕೆಲಸಗಾರ ಸಿಕ್ಕಿದ್ರೆ. ಅಲ್ವಾ?"

ಟೋರ್ಸ್ತಿ ಎದ್ದು ನಿಂತ. ಕಾಗದಗಳನ್ನು ಚೀಲಕ್ಕೆ ತುರುಕಿದ. "ಮುಂದಿನ ವಾರ ಬರ್ತೀನಿ."

"ಎರಡು ಸಲ ಮುಂದಕ್ಕೆ ಹಾಕಿದ್ದಾಗಿದೆಯಲ್ಲೋ."

"ಮೂರು ಸಲ ಆಗ್ಲಿ."

"ಕಾಫಿ?" ಎಂದಳು ಐಲಾ. "ತಪಾಸಣೆಗೆ ಬಂದವರು ಕಾಫಿ ಕುಡಿಯದೆ ಹೋದದ್ದನ್ನ ನಾನು ಕೇಳಿಲ್ಲ. ಹಿಲ್ಯಾ ಬೆಳಗ್ಗೆಯಿಂದ ಒಲೆ ಮುಂದೆ ನಿಂತಿದ್ದಾರೆ."

"ಹೊಟ್ಟೆ ಸರಿಯಿಲ್ಲ ಆಫೀಸರಮ್ಮ."

"ಹಾಗಾದ್ರೆ ವ್ಯಾನಿನಲ್ಲಿ ಕೂತಿರಿ. ಫೋರ್ಕಿನ ಬಗ್ಗೆ ನಿಮ್ಮನ್ನ ಒಂದೆರಡು ಮಾತು ಕೇಳೋದಿದೆ."

"ಫೋರ್ಕ್ ಬಾಗೋದಕ್ಕೆ ನೂರು ಕಾರಣ ಇರುತ್ತೆ."

"ನಾನಿನ್ನೂ ಕೇಳೇ ಇಲ್ಲ."

ಟೋರ್ಸ್ತಿ ಹೊರಗೆ ಹೋದ. ವ್ಯಾನಿನ ಬಾಗಿಲು ಹಾಕಿಕೊಂಡ ಸದ್ದು ಕೇಳಿತು.

* * *

ಐಲಾ ಬೆಂಚಿನ ಬಳಿ ಬಂದಳು. ಗೋಡೆಯುದ್ದಕ್ಕೆ ಇನ್ನೂ ನಾಲ್ಕು ಜಾವಾಗಳು ನಿಂತಿದ್ದವು. ನಾಲ್ಕಕ್ಕೂ ಕಪ್ಪು ಫಲಕ, ಬಿಳಿ ಅಕ್ಷರ. ಚಕ್ರದ ಪ್ರತಿ ಕಡ್ಡಿಯೂ ಹೊಳೆಯುತ್ತಿತ್ತು. ಟ್ಯಾಂಕಿನ ಮೇಲೆ ಬೆರಳಿಟ್ಟರೆ ಆರ್ವಿ ಬಟ್ಟೆ ತಂದು ಒರೆಸುವ ಪೈಕಿ.

ಇಂಥವನ ಕೊಟ್ಟಿಗೆಯಲ್ಲಿ ತೊಳೆಯದ ವಸ್ತು ಇದೊಂದೇ.

ಎರಡು ಕೊಳವೆಗಳನ್ನು ಹಿಡಿದಿಡುವ ಪಟ್ಟಿ ಸೀಳಿತ್ತು. ಸೀಳಿನೊಳಗೆ ಏನೋ ಹಳದಿಗಟ್ಟಿ ಕೂತಿತ್ತು. ಉಗುರಿನಿಂದ ಒತ್ತಿದಳು. ಗಾಜಿನಂತೆ ಗಟ್ಟಿ. ಅದರಲ್ಲಿ ತೊಗಟೆಯ ಚೂರು, ನಾರು.

ಪೈನ್ ಮರದ ಅಂಟು.

ಮಿರ್ಯಾ ಬಿದ್ದಿದ್ದ ಚರಂಡಿಯ ಫೋಟೋಗಳನ್ನು ಐಲಾ ಎಷ್ಟು ಸಲ ನೋಡಿದ್ದಳೋ. ಪಕ್ಕದಲ್ಲಿ, ತಿರುವಿನಲ್ಲಿ, ಲಾರಿಗಾಗಿ ಕಾಯುತ್ತಿದ್ದ ಹಸಿ ಪೈನ್ ದಿಮ್ಮಿಗಳ ರಾಶಿ. ಒಂದು ದಿಮ್ಮಿಯ ತುದಿಯಲ್ಲಿ ತೊಗಟೆ ಸುಲಿದು ಬಿಳಿ ಮರ ಕಾಣುತ್ತಿತ್ತು. ಕಾರಿನ ಬಂಪರ್ ತಾಗಿರಬೇಕು ಎಂದು ಆಗ ಯಾರೋ ಹೇಳಿದ್ದರು. ಎಲ್ಲರೂ ಒಪ್ಪಿದ್ದರು. ಅವಳೂ.

"ಇದು ಯಾವಾಗ ಬಾಗಿದ್ದು ಆರ್ವಿ?"

"ಕೊಂಡಾಗಲೇ ಹೀಗಿತ್ತು."

"ಯಾರ ಹತ್ತಿರ ಕೊಂಡಿರಿ?"

"ಔಲು ಕಡೆಯವನು."

"ಹೆಸರು?"

ಆರ್ವಿ ಒಂದು ಬಟ್ಟೆ ಎತ್ತಿಕೊಂಡು ಕೈ ಒರೆಸತೊಡಗಿದ. ಕೈ ಶುಭ್ರವಾಗಿಯೇ ಇತ್ತು.

"ಎಂಬತ್ತಾರರ ಹಬ್ಬಕ್ಕೆ ಸ್ವಲ್ಪ ಮೊದಲು ಈ ಗಾಡಿ ಮಾರಿದೆ ಅಂದಿದ್ದಿರಿ," ಎಂದಳು ಐಲಾ. "ಸ್ವೀಡನ್ನಿಗೆ ಹೊರಟವನೊಬ್ಬನಿಗೆ. ಊರಿಗೆಲ್ಲ ಗೊತ್ತಿದ್ದ ಕಥೆ ಅದು. ಆರ್ವಿ ಗಾಡಿ ಮಾರದೆ ಇದ್ದಿದ್ರೆ ಪಾಪ ಹುಡುಗಿ ಕುಣಿತದ ಮಂಟಪದಿಂದ ನಡ್ಕೊಂಡು ಬರ್ತಿರ್ಲಿಲ್ಲ ಅಂತ ಇವತ್ತಿಗೂ ಅಂತಾರೆ. ನಮ್ಮಮ್ಮ ಅಂತಿದ್ರು. ನಿಮ್ಮ ಬೆನ್ನು ತಟ್ಟಿ ಸಮಾಧಾನ ಹೇಳಿದವರು ಎಷ್ಟು ಜನ?"

"ತುಂಬ ಜನ."

"ಆಗ ಏನನ್ನಿಸ್ತಿತ್ತು?"

"ಕೈ ತೆಗೆದ್ರೆ ಸಾಕು ಅನ್ನಿಸ್ತಿತ್ತು."

ಅವನು ಮರದ ಡಬ್ಬಿಯ ಮೇಲೆ ಕೂತ. ಅರವತ್ತೆರಡರ ಗಂಡಸು, ಕೂತಾಗ ಇನ್ನೂ ಮುದುಕನಂತೆ ಕಂಡ. ಐಲಾ ಅವಸರ ಮಾಡಲಿಲ್ಲ. ಈ ಊರಿನವರನ್ನು ಮಾತಾಡಿಸುವ ದಾರಿ ಒಂದೇ. ನಾವೂ ಬಾಯಿ ಮುಚ್ಚಿಕೊಂಡಿರಬೇಕು.

ಕೊನೆಗೆ ಅವನೇ ಹೇಳಿದ. "ಮಾರಿರ್ಲಿಲ್ಲ."

"ಗೊತ್ತಾಯ್ತು."

"ಹಬ್ಬದ ರಾತ್ರಿ. ಕುಡಿದಿದ್ದೆ. ತಿರುವಿನಲ್ಲಿ ಜಲ್ಲಿಕಲ್ಲು. ಗಾಡಿ ನೇರ ದಿಮ್ಮಿಗಳಿಗೆ ಹೋಯ್ತು. ಅವಳು ನನ್ನ ತಲೆ ಮೇಲಿಂದ ಹಾರಿ ಬಿದ್ಲು."

"ನೀವು ಓಡಿಸ್ತಿದ್ರಿ."

"ಹೂಂ."

"ಆಮೇಲೆ?"

"ಕೂಗಿದೆ. ಮಾತಾಡ್ಲಿಲ್ಲ."

"ಉಸಿರು ನೋಡಿದ್ರಾ?"

"ನೋಡಿದೆ. ಇರ್ಲಿಲ್ಲ."

"ಎಷ್ಟು ಹೊತ್ತು ನೋಡಿದ್ರಿ?"

ಅವನು ಐಲಾಳ ಮುಖ ನೋಡಿದ. ಅವಳು ಆ ಪ್ರಶ್ನೆಯನ್ನು ಮುಂದುವರಿಸಲಿಲ್ಲ. ಮಿರ್ಯಾ ತಕ್ಷಣ ಸತ್ತಿರಲಿಲ್ಲ ಎಂದು ಶವ ನೋಡಿದ ವೈದ್ಯರು ಅಂದೇ ಹೇಳಿದ್ದರು. ಬೆಳಗಿನವರೆಗೂ ಜೀವ ಹಿಡಿದಿತ್ತು. ಆ ಮಾತು ಇಲಾಖೆಯಿಂದ ಹೊರಗೆ ಬಿದ್ದಿರಲಿಲ್ಲ. ಇವನಿಗೆ ಗೊತ್ತಿಲ್ಲ. ಈಗ ಹೇಳಬೇಕೆ? ಐಲಾ ಬೆಂಚಿನ ಅಂಚು ಹಿಡಿದುಕೊಂಡಳು. ಹೇಳಲಿಲ್ಲ.

"ನನ್ನ ಜಾಕೆಟ್ ತೆಗೆದು ಅವಳಿಗೆ ಹೊದಿಸಿದೆ," ಎಂದ ಆರ್ವಿ. "ಮುಖ ಮುಚ್ಚಲಿಲ್ಲ. ಕತ್ತಿನವರೆಗೆ. ಆಮೇಲೆ ಗಾಡಿ ತಗೊಂಡು ಕಾಡೊಳಗಿಂದ ಬಂದುಬಿಟ್ಟೆ."

"ಜಾಕೆಟ್ಟಾ?"

"ತೊಗಲಿನದು. ಒಳಜೇಬಲ್ಲಿ ಸಾಮಿಲ್ಲಿನ ಗುರುತಿನ ಚೀಟಿ ಇತ್ತು. ಮನೆಗೆ ಬಂದ ಮೇಲೆ ನೆನಪಾಯ್ತು. ಸರಿ, ಇನ್ನು ಪೊಲೀಸರು ಬರ್ತಾರೆ ಅಂತ ಅಂಗಿ ಬದಲಾಯಿಸಿ ಮೆಟ್ಟಿಲ ಮೇಲೆ ಕೂತೆ. ಬಂದ್ರು. ಅವಳು ಸತ್ತಳು ಅಂತ ಹೇಳೋದಕ್ಕೆ ಬಂದ್ರು. ನನ್ನ ಹೆಗಲು ಹಿಡಿದು ಒಳಗೆ ಕರ್ಕೊಂಡು ಹೋಗಿ ನೀರು ಕುಡಿಸಿದ್ರು. ಜಾಕೆಟ್ಟಿನ ಮಾತೇ ಎತ್ತಲಿಲ್ಲ. ನಾಳೆ ಎತ್ತಬಹುದು, ನಾಳಿದ್ದು ಎತ್ತಬಹುದು ಅಂತ ಕಾದೆ."

"ಪೊಲೀಸರ ಫೋಟೋದಲ್ಲಿ ಜಾಕೆಟ್ ಇಲ್ಲ, ಆರ್ವಿ. ಅವಳ ಮೇಲೆ ಏನೂ ಇರ್ಲಿಲ್ಲ."

"ಇತ್ತು."

"ಇರ್ಲಿಲ್ಲ."

"ನಾನೇ ಹೊದಿಸಿದ್ದು ಕಣಮ್ಮಾ!" ಆರ್ವಿ ಮೊದಲ ಸಲ ದನಿ ಏರಿಸಿದ. ಆ ಒಂದು ಕೆಲಸವನ್ನೂ ತನ್ನಿಂದ ಕಿತ್ತುಕೊಳ್ಳುತ್ತಿದ್ದಾರೆ ಎನ್ನುವಂತೆ.

ಐಲಾ ಜಾಕೆಟ್ಟನ್ನು ಮನಸ್ಸಿನಲ್ಲಿ ಪಕ್ಕಕ್ಕಿಟ್ಟಳು. ಬೆಂಚಿನ ಮೇಲಿದ್ದದ್ದು ಅವಳನ್ನು ಬಿಡುತ್ತಿರಲಿಲ್ಲ. ಇಷ್ಟು ಬಾಗಿದ ಫೋರ್ಕಿನಲ್ಲಿ ಮುಂದಿನ ಚಕ್ರ ಹಿಂದಕ್ಕೆ ಹೋಗಿ ಎಂಜಿನ್ನಿಗೆ ಕಚ್ಚಿಕೊಂಡಿರುತ್ತದೆ. ಉರುಳುವುದಿಲ್ಲ. ಕುಡಿದ, ಗಾಯಗೊಂಡ ಹುಡುಗನೊಬ್ಬ ಆ ಭಾರವನ್ನು ಬೇರು, ಬಂಡೆ, ಜೌಗು ದಾಟಿಸಿ ಇಲ್ಲಿಯವರೆಗೆ ತಂದನೆ?

"ಗಾಡಿ ಒಬ್ಬರೇ ತಂದ್ರಾ?"

"ಹೂಂ."

"ಹೇಗೆ?"

"ಎಳ್ಕೊಂಡು."

"ಚಕ್ರ ತಿರುಗ್ತಿರ್ಲಿಲ್ಲ."

"ಆಗ ವಯಸ್ಸಿತ್ತು," ಎಂದ ಆರ್ವಿ, ನೆಲ ನೋಡುತ್ತ.

ಉತ್ತರ ತೀರ ಬೇಗ ಬಂತು. ಐಲಾ ಅದನ್ನು ಗಮನಿಸಿದಳು.

"ಫೋರ್ಕ್ ಯಾಕೆ ಇಟ್ಕೊಂಡಿರಿ? ಸರೋವರ ಕೂಗಳತೆಯಲ್ಲಿದೆ."

"ಹೋಗಿದ್ದೆ. ದೋಣಿಯಲ್ಲಿ ಹಾಕ್ಕೊಂಡು ಮಧ್ಯದವರೆಗೆ ಹೋಗಿದ್ದೆ. ಇನ್ನೊಂದು ಸಲವೂ ಹೋದೆ." ಅವನು ಬಾಗಿದ ಕೊಳವೆಯ ಮೇಲೆ ಅಂಗೈ ಇಟ್ಟ. "ಎಪ್ಪತ್ಮೂರರ ಅಸಲಿ ಭಾಗ. ಎಸೆಯೋದಕ್ಕೆ ಕೈ ಬರ್ಲಿಲ್ಲ."

ಬೇರೆ ಯಾರಾದರೂ ಹೇಳಿದ್ದರೆ ಐಲಾ ನಂಬುತ್ತಿರಲಿಲ್ಲ. ಆದರೆ ಈ ಗಾಡಿ ಹುಚ್ಚಿನವರನ್ನು ಅವಳು ಬಲ್ಲಳು. ಹೆಂಡತಿ ಸತ್ತ ವಾರವೇ ಅವಳ ಬಟ್ಟೆಗಳನ್ನು ದಾನ ಕೊಡುತ್ತಾರೆ. ತುಕ್ಕು ಹಿಡಿದ ಅಸಲಿ ಬೋಲ್ಟನ್ನು ಔಷಧಿ ಡಬ್ಬಿಯಲ್ಲಿಟ್ಟು ಕಾಯುತ್ತಾರೆ.

"ಇವತ್ತು ಯಾಕೆ ಇಳಿಸಿದ್ರಿ? ಟೋರ್ಸ್ತಿ ಸಹಿ ಹಾಕ್ತಿದ್ದ. ಅಸಲಿ ಕಳೆದುಹೋಯ್ತು ಅಂದಿದ್ರೂ ಮುಗೀತಿತ್ತು."

"ಸುಳ್ಳು ಹೇಳಿ ಕಪ್ಪು ಫಲಕ ಹಾಕ್ಕೊಳ್ಳೋದಾ? ಆ ಫಲಕ ಹಾಕ್ಕೊಂಡ ಗಾಡಿ ಮೇಲೆ ಅಮ್ಮನ್ನ ಕೂರಿಸಿಕೊಂಡು ಮಿರ್ಯಾಳ ಸಮಾಧಿಗೆ ಹೋಗೋದಾ? ಅಷ್ಟು ಕೆಟ್ಟವನಲ್ಲ ನಾನು."

"ಮೂವತ್ತೆಂಟು ವರ್ಷದಿಂದ ಆ ಅಮ್ಮನಿಗೆ ಸುಳ್ಳು ಹೇಳ್ತಿದ್ದೀರಿ."

"ಅದು ಬೇರೆ."

ಅವನು ಹಾಗೆ ಹೇಳಿ, ಹೇಳಿದ್ದು ತನಗೇ ಕೇಳಿಸಿದಂತೆ ತಲೆ ತಗ್ಗಿಸಿದ. ನಂತರ ಮೆಲ್ಲಗೆ ಹೇಳಿದ. "ಹೋದ ಚಳಿಗಾಲ ಅಮ್ಮ ಇಲ್ಲಿಗೆ ಬಂದು ಟಾರ್ಪಾಲು ಎತ್ತಿಬಿಟ್ರು. 'ಅಯ್ಯೋ, ಗಾಡಿ ವಾಪಸ್ ಕೊಂಡುಕೊಂಡ್ಯಾ ಮಗಾ?' ಅಂದ್ರು. ಹೂಂ ಅಂದೆ. ಚರ್ಚಿನ ಕಾಫಿ ಕೂಟದಲ್ಲಿ ಎಲ್ಲರಿಗೂ ಹೇಳ್ಕೊಂಡು ಬಂದ್ರು. ಹಬ್ಬದ ದಿನ ನನ್ನ ಹಿಂದೆ ಕೂತು ಸಮಾಧಿಗೆ ಹೋಗ್ಬೇಕಂತೆ. ಹೆಲ್ಮೆಟ್ಟೂ ತಂದಿಟ್ಟಿದ್ದಾರೆ. ನೀಲಿ ಬಣ್ಣದ್ದು."

ಐಲಾಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

"ಅವರಿಗೆ ನೀವು ಹೇಳ್ತೀರೋ, ನಾನು ಹೇಳಲೋ?" ಎಂದಳು.

"ಹೇಳಿದ್ರೆ ಅವರಿಗೆ ಯಾರಿದ್ದಾರೆ? ಸೌದೆ ಯಾರು ಒಡೀತಾರೆ?"

"ಅದು ನನ್ನ ಪ್ರಶ್ನೆಗೆ ಉತ್ತರ ಅಲ್ಲ."

ಆರ್ವಿ ಎದ್ದ. ಫೋರ್ಕಿಗೆ ಮತ್ತೆ ಎಣ್ಣೆಬಟ್ಟೆ ಹೊದಿಸಿ, ಹುರಿ ಕಟ್ಟಿ, ಗಂಟು ಬಿಗಿಯಾಗಿದೆಯೇ ಎಂದು ಎಳೆದು ನೋಡಿದ. "ನಾನೇ ಹೇಳ್ತೀನಿ," ಎಂದ.

* * *

ಹಿಲ್ಯಾಳ ಅಡುಗೆಮನೆಯಲ್ಲಿ ಏಲಕ್ಕಿ, ಬೆಣ್ಣೆ, ಕಾಫಿಯ ಬಿಸಿ ವಾಸನೆ ತುಂಬಿತ್ತು. ಮೇಜಿನ ಮೇಲೆ ಕಸೂತಿ ಬಟ್ಟೆ. ಹಬ್ಬಕ್ಕೆ ಮಾತ್ರ ತೆಗೆಯುವ ನೀಲಿ ಅಂಚಿನ ಬಟ್ಟಲುಗಳು.

"ಟೋರ್ಸ್ತಿ ಎಲ್ಲಿ?" ಎಂದಳು ಹಿಲ್ಯಾ.

"ವ್ಯಾನಲ್ಲಿ. ಹೊಟ್ಟೆ ಸರಿಯಿಲ್ಲವಂತೆ," ಎಂದಳು ಐಲಾ.

"ಅವನ ಹೊಟ್ಟೆ ಕಬ್ಬಿಣ ಅರಗಿಸುತ್ತೆ. ಫಲಕ ಸಿಕ್ತಾ?"

"ಇಲ್ಲ ಅಮ್ಮ," ಎಂದ ಆರ್ವಿ.

"ಯಾಕೆ?"

ಆರ್ವಿ ಟೋಪಿ ತೆಗೆದು ಎರಡು ಕೈಯಲ್ಲಿ ಹಿಡಿದುಕೊಂಡ. ಅವನು ಕೂರಲಿಲ್ಲ. ಬಾಗಿಲ ಬಳಿಯ ಚಾಪೆಯ ಮೇಲೆ, ಪರಿಚಯವಿಲ್ಲದ ಮನೆಗೆ ಬಂದವನಂತೆ ನಿಂತ. ದಿನವೂ ಬರುವ ಮನೆ ಅದು. ಅವನ ಚಪ್ಪಲಿಗೆ ಒಲೆಯ ಪಕ್ಕ ಜಾಗವಿತ್ತು.

"ಆ ಗಾಡಿ ನಾನು ಮಾರಿರ್ಲಿಲ್ಲ ಅಮ್ಮ."

"ಗೊತ್ತು," ಎಂದಳು ಹಿಲ್ಯಾ. "ಕೂತ್ಕೋ. ಬನ್ ತಗೋ. ಆರಿದ್ರೆ ಗಟ್ಟಿಯಾಗುತ್ತೆ."

ಐಲಾ ಕಾಫಿ ಬಟ್ಟಲನ್ನು ಕೆಳಗಿಟ್ಟಳು.

ಆರ್ವಿ ಕೂತ. ಹೇಳಿದ ಮಾತು ಕೇಳುವ ಅಭ್ಯಾಸದಿಂದ ಬನ್ನನ್ನೂ ಕೈಗೆತ್ತಿಕೊಂಡ. "ಏನು ಗೊತ್ತು?"

"ನಿನ್ನ ಜಾಕೆಟ್ ನೋಡಿದ್ದೆ."

ಹಿಲ್ಯಾ ಒಲೆಯ ಕಡೆ ಮುಖ ಮಾಡಿ, ಪಾತ್ರೆಯ ಮುಚ್ಚಳ ಸರಿಮಾಡುತ್ತ ಮಾತಾಡಿದಳು.

"ಅವಳು ಬರದೆ ಇದ್ದಾಗ ಸೈಕಲ್ ಹತ್ತಿ ಹುಡುಕಿಕೊಂಡು ಹೋದೆ. ಮಧ್ಯಬೇಸಿಗೆ ಹಬ್ಬದ ರಾತ್ರಿ ನಮ್ಮಲ್ಲಿ ಕತ್ತಲಾಗೋದಿಲ್ಲ, ಬೆಳಕು ಇದ್ದೇ ಇತ್ತಲ್ಲ. ದೂರದಿಂದ್ಲೇ ಕಂಡಳು. ಜಾಕೆಟ್ ಹೊದ್ದುಕೊಂಡು ಮಲಗಿದ್ದಾಳೆ ಅಂದ್ಕೊಂಡೆ. ಕುಡಿದುಬಿಟ್ಟಿದ್ದಾಳೆ, ಇವತ್ತು ಇವಳಿಗೆ ಇದೆ ಅಂತ ಬೈಯ್ಕೊಂಡೇ ಇಳಿದೆ."

"ಜಾಕೆಟ್ ತೆಗೆದದ್ದು ನೀವು," ಎಂದಳು ಐಲಾ.

"ನಾನೇ."

"ಯಾಕೆ? ಅವತ್ತೇ ಕೊಟ್ಟಿದ್ರೆ ಪೊಲೀಸರು..."

"ಪೊಲೀಸರು ಇವನನ್ನ ಹಿಡ್ಕೊಂಡು ಹೋಗ್ತಿದ್ರು. ಇವನು ಅವರಿಗೆ ಹೇಳ್ತಿದ್ದ. ನಂಗೆ ಅದು ಬೇಕಿರ್ಲಿಲ್ಲ." ಹಿಲ್ಯಾ ತಿರುಗಿದಳು. ಅವಳ ಕಣ್ಣುಗಳು ಒಣಗಿದ್ದವು. "ಇವನು ಬಂದು ನಂಗೆ ಹೇಳ್ಬೇಕಿತ್ತು ಮಗೂ. ನನ್ನ ಮುಖ ನೋಡಿ. ಬರ್ತಾನೆ ಅಂತ ಬಾಗಿಲು ಹಾಕ್ದೆ ಕೂತಿದ್ದೆ. ಬಂದ. ಸೌದೆ ಒಡೆದುಕೊಟ್ಟು ಹೋದ. ಮಾರನೇ ದಿನವೂ ಬಂದ. ಸೌದೆ ಒಡೆದ. ಇವತ್ತು ಹೇಳ್ತಾನೆ, ಈ ಹಬ್ಬಕ್ಕೆ ಹೇಳ್ತಾನೆ ಅಂತ ನಾನು ಕಾಫಿ ಮಾಡಿದೆ. ಸೌದೆ ಬೆಟ್ಟದಷ್ಟು ಬಿದ್ದಿದೆ. ನಾನು ಸತ್ತ ಮೇಲೂ ಹತ್ತು ಚಳಿಗಾಲಕ್ಕೆ ಆಗುತ್ತೆ."

"ಅಮ್ಮ..."

"ಟಾರ್ಪಾಲು ನಾನು ಬೇಕಂತಲೇ ಎತ್ತಿದ್ದು. ಕಪ್ಪು ಫಲಕ ಬೇಕು ಅಂತ ಹಠ ಹಿಡಿದೆ. ಆ ಗಾಡಿ ಮೈ ಮುಟ್ಟಿ ರಿಪೇರಿ ಮಾಡೋವಾಗ್ಲಾದ್ರೂ ಹೇಳ್ತೀಯ ಅಂತ. ನೀನು ಬಣ್ಣ ಹೊಡೆದೆ."

ಆರ್ವಿ ಬನ್ನನ್ನು ಕೈಯಲ್ಲೇ ತಿರುಗಿಸುತ್ತ ಕೂತ.

ಐಲಾ ತಡೆಯಬೇಕೆಂದುಕೊಂಡಳು. ಹಿಲ್ಯಾ ಮುಂದೆ ಏನು ಹೇಳಲಿದ್ದಾಳೆಂದು ಅವಳಿಗೆ ಗೊತ್ತಾಗಿತ್ತು. ಆದರೆ ಇದು ಹಿಲ್ಯಾಳ ಮನೆ, ಹಿಲ್ಯಾಳ ಮಗಳು. ತಡೆಯಲು ತಾನು ಯಾರು?

"ಅವಳು ಬದುಕಿದ್ದಳು, ಆರ್ವಿ," ಎಂದಳು ಹಿಲ್ಯಾ. "ನಾನು ಹೋದಾಗ ಬದುಕಿದ್ದಳು."

ಆರ್ವಿ ಕೈಯಲ್ಲಿದ್ದ ಬನ್ನನ್ನು ತಟ್ಟೆಗೆ ವಾಪಸಿಟ್ಟ. ಬಹಳ ಜಾಗ್ರತೆಯಿಂದ, ಒಂದು ಚೂರೂ ಕಸೂತಿ ಬಟ್ಟೆಯ ಮೇಲೆ ಬೀಳದಂತೆ. ಮೇಜಿನ ಅಂಚನ್ನು ಹಿಡಿದ. ಅವನ ಬಾಯಿಂದ ಬಂದದ್ದು ಅಳು ಅಲ್ಲ. ಚಳಿಗಾಲದಲ್ಲಿ ಕಿಕ್ ಹೊಡೆದಾಗ ಹತ್ತದೆ ಸುಮ್ಮನಾಗುವ ಎಂಜಿನ್ನಿನಂಥ ಒಂದು ಸದ್ದು.

"ನಾನು ಉಸಿರು ನೋಡಿದ್ದೆ," ಎಂದ. "ನೋಡಿದ್ದೆ ಅಮ್ಮ. ಮುಖದ ಹತ್ತಿರ ಕಿವಿ ಇಟ್ಟಿದ್ದೆ."

"ಸರಿಯಾಗಿ ನೋಡ್ಲಿಲ್ಲ."

"ಓಡಿ ಹೋಗಿ ಡಾಕ್ಟರನ್ನ ಕರ್ಕೊಂಡು ಬಂದಿದ್ರೆ..."

"ಗೊತ್ತಿಲ್ಲ. ಬದುಕ್ತಿದ್ದಳೋ ಇಲ್ವೋ ಯಾರಿಗೂ ಗೊತ್ತಿಲ್ಲ. ನನ್ನ ಕೇಳ್ಬೇಡ. ನಾನೂ ಅದನ್ನೇ ಕೇಳ್ಕೊಂಡು ಮಲಗ್ತೀನಿ."

ಆರ್ವಿ ಕೇಳಿದ. "ಏನಾದ್ರೂ ಅಂದಳಾ?"

"ನೀರು ಕೇಳಿದಳು. ನನ್ನ ಹತ್ತಿರ ಇರ್ಲಿಲ್ಲ. ಚರಂಡಿ ನೀರಿಗೆ ತಲೆವಸ್ತ್ರ ಅದ್ದಿ ತುಟಿಗೆ ಹಿಡಿದೆ. ಆಮೇಲೆ, 'ಅವರಿಬ್ಬರೂ ಎಲ್ಲಿ ಹೋದ್ರಮ್ಮಾ?' ಅಂದಳು. ಅಷ್ಟೇ. ಹೋದಳು. ಇನ್ನು ಅವಳಿಗೆ ಅವಸರ ಇರ್ಲಿಲ್ಲ. ಹಾಲಿನ ಲಾರಿಯವನು ನೋಡ್ಲಿ ಅಂತ ಬಿಟ್ಟು, ಜಾಕೆಟ್ ಸೈಕಲ್ಲಿಗೆ ಕಟ್ಕೊಂಡು ಬಂದೆ."

ಐಲಾ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು.

"ಇಬ್ಬರೂ?"

"ಇಬ್ಬರೂ ಅಂದಳು. ನನ್ನ ಕಿವಿ ಆಗ ಚೆನ್ನಾಗಿತ್ತು." ಹಿಲ್ಯಾ ಆರ್ವಿಯ ಎದುರಿನ ಕುರ್ಚಿ ಎಳೆದುಕೊಂಡು ಕೂತಳು. "ಒಬ್ಬ ನೀನು. ಇನ್ನೊಬ್ಬ ಯಾರು? ಅದೊಂದನ್ನ ತಿಳ್ಕೊಳ್ಳೋಕೆ ನಾನು ಇನ್ನೂ ಸತ್ತಿಲ್ಲ."

ಆರ್ವಿ ತಲೆಯಾಡಿಸಿದ. ಬೇಡ ಎನ್ನುವಂತೆ.

"ಗಾಡಿ ಒಬ್ಬರೇ ಎಳೆದು ತರ್ಲಿಲ್ಲ," ಎಂದಳು ಐಲಾ. "ಇಬ್ಬರು ಹೊತ್ತು ತಂದ್ರಿ."

"ಅವನಿಗೆ ಮಕ್ಕಳಿದ್ದಾರೆ," ಎಂದ ಆರ್ವಿ. "ಮೊಮ್ಮಕ್ಕಳಿದ್ದಾರೆ. ನನಗೆ ಯಾರೂ ಇಲ್ಲ. ನನ್ನ ಹೆಸರೊಂದೇ ಸಾಕು. ಬರ್ಕೊಳ್ಳಿ."

"ನಂಗೂ ಮಗಳಿದ್ದಳು," ಎಂದಳು ಹಿಲ್ಯಾ.

ಆ ಮಾತಿಗೆ ಅವನು ಕುಸಿದ. ಎರಡು ಕೈಯಿಂದ ಮುಖ ಮುಚ್ಚಿಕೊಂಡ. ಕೈಗಳ ಹಿಂದಿನಿಂದಲೇ ಹೇಳಿದ. "ನಾನು ಓಡಿಸ್ತಿರ್ಲಿಲ್ಲ ಅಮ್ಮ."

ಐಲಾಗೆ ತಾನು ಕೇಳಿದ್ದು ಸರಿಯೇ ಎಂಬ ಅನುಮಾನವಾಯಿತು. "ಈಗ ತಾನೇ ಕೊಟ್ಟಿಗೆಯಲ್ಲಿ ಓಡಿಸ್ತಿದ್ದೆ ಅಂದ್ರಿ."

"ಕುಡಿದಿದ್ದೆ. ಕಾಲು ನಿಲ್ತಿರ್ಲಿಲ್ಲ. ಅವನು ಕುಡಿದಿಲ್ಲ ಅಂದ, ನಾನು ಓಡಿಸ್ತೀನಿ ಅಂದ. ಮೂರು ಜನ ಒಂದೇ ಗಾಡಿ ಮೇಲೆ. ಅವಳು ಮಧ್ಯ. ನಾನು ಕೊನೇಲಿ, ಅರ್ಧ ನಿದ್ದೆಯಲ್ಲಿ. ಅವಳು ನಗ್ತಿದ್ದಳು. ಅಷ್ಟು ನೆನಪಿದೆ. ಸತ್ತಿದ್ದಾಳೆ ಅಂತ ಮೊದಲು ಹೇಳಿದ್ದೂ ಅವನೇ."

"ಯಾರು?" ಎಂದಳು ಹಿಲ್ಯಾ.

ಹೊರಗೆ ಅಂಗಳದಲ್ಲಿ ಟೋರ್ಸ್ತಿಯ ವ್ಯಾನಿನ ಎಂಜಿನ್ ಹೊತ್ತಿಕೊಂಡಿತು. ಗೇರ್ ಕಿರುಗುಟ್ಟಿತು.

ಆರ್ವಿ ಮುಖದಿಂದ ಕೈ ತೆಗೆದು ಕಿಟಕಿಯತ್ತ ತಿರುಗಿದ. ಐಲಾ ಆಗಲೇ ಬಾಗಿಲಿಗೆ ಓಡಿದ್ದಳು. ಹಿಲ್ಯಾ ಕಿಟಕಿಯ ಕಡೆ ನೋಡಲಿಲ್ಲ. ಅವಳು ಆರ್ವಿಯ ಮುಖವನ್ನೇ ನೋಡುತ್ತಿದ್ದಳು, ಹಾಲು ಉಕ್ಕುವುದನ್ನು ಕಾಯುವವಳಂತೆ, ರೆಪ್ಪೆ ಮಿಟುಕಿಸದೆ. ನೋಡುತ್ತ ನೋಡುತ್ತ ಅವಳ ಬಣ್ಣ ಇಳಿಯಿತು.

"ಅಲ್ವೋ ಆರ್ವಿ," ಎಂದಳು, ದನಿಯೇ ಇಲ್ಲದೆ. "ಅವಳ ಶವಪೆಟ್ಟಿಗೆಯನ್ನ ಗುಂಡಿಗೆ ಇಳಿಸೋವಾಗ ತಲೆ ಕಡೆ ಹಗ್ಗ ಹಿಡಿದಿದ್ದವನು ಅವನಲ್ವೇನೋ?"